ಸಾವನದುರ್ಗದ ಗೋಡೆ, ದೊಣೆ, ಬಾಗಿಲು: ಮೂರು ದಿನಗಳ ಪ್ರವಾಸ

ಮೊದಲನೆಯ ದಿನ, ಶುಕ್ರವಾರ

ಮಳೆಗಾಲ ಕಳೆದು ಗಾಳಿ ತಿಳಿಯಾದ ಮೇಲೆ, ನಾಗರಭಾವಿಯಲ್ಲಿರುವ ನನ್ನ ಸೋದರಮಾವನ ಮನೆಯ ತಾರಸಿ ಹತ್ತಿ ಪಡುವಣಕ್ಕೆ ನೋಡಿದರೆ, ಕಟ್ಟಡಗಳ ಸಾಲಿನ ಆಚೆ ಬೂದು ಬಣ್ಣದ ಒಂದು ದೊಡ್ಡ ಗುಡ್ಡ ಕಾಣಿಸುತ್ತದೆ. ಮಾಗಡಿ ತಾಲ್ಲೂಕಿನ ಸಾವನದುರ್ಗ ಅದು. 1791ರಲ್ಲಿ ಬ್ರಿಟಿಷ್ ಸೇನೆಯ ಜೊತೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನೂ ಬೆಂಗಳೂರಿನಿಂದ ಕಾಣುವ ಈ ಬೆಟ್ಟದ ದೂರದ ನೋಟವನ್ನು ಬರೆದಿದ್ದಾನೆ. ಚಿಕ್ಕಂದಿನಿಂದ ಎಷ್ಟೋ ಸಲ ಆ ಬಂಡೆಯನ್ನು ಹತ್ತಿದ್ದೇನಾದರೂ, ಅದನ್ನು ಒಂದು ಕೋಟೆಯೆಂದು ಗಮನವಿಟ್ಟು ನೋಡಿರಲಿಲ್ಲ. ಸರ್ಕಾರಿ ಎಂಜಿನಿಯರಾಗಿ ಜೀವಮಾನವೆಲ್ಲ ಕಲ್ಲು ಗಾರೆಗಳ ನಡುವೆಯೇ ಕಳೆದು ಈಗ ನಿವೃತ್ತರಾಗಿರುವ ಮಾವ, "ಡಿಸೆಂಬರ್ ಮೂರನೇ ವಾರದಲ್ಲಿ ಹೋಗೋಣ ಕಣಪ್ಪ. ಆ ಕೋಟೆ ಬಿದ್ದದ್ದು ಆ ದಿನಗಳಲ್ಲೇ. ಆಗಿನ ಚಳಿ, ಆಗಿನ ಮಂಜು, ಆಗಿನ ಹಸಿರು ಹೇಗಿತ್ತೆಂದು ನಮಗೂ ಗೊತ್ತಾಗಲಿ," ಎಂದಾಗ ನಾನು ಎರಡು ಮಾತಾಡದೆ ಒಪ್ಪಿಕೊಂಡೆ.

ಆದರೆ ಸಾವನದುರ್ಗಕ್ಕೆ ಹೊರಡುವ ಮೊದಲು ಬೆಂಗಳೂರಿನ ಕೋಟೆಯನ್ನು ನೋಡಲೇಬೇಕೆಂಬುದು ಅವರ ಹಠ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಮೆಟ್ರೋದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗಿ ಇಳಿದೆವು. ಹೂವಿನ ಮೂಟೆಗಳನ್ನೂ ತಳ್ಳುವ ಗಾಡಿಗಳನ್ನೂ ದಾಟಿ ನಡೆದರೆ ದಿಲ್ಲಿ ಬಾಗಿಲು ಸಿಗುತ್ತದೆ. ಹಿರಿಯ ಕೆಂಪೇಗೌಡರು 1537ರಲ್ಲಿ ಪೇಟೆಯನ್ನು ಸುತ್ತುವರಿದಂತೆ ಮಣ್ಣಿನ ಕೋಟೆ ಕಟ್ಟಿಸಿದರು. ಪೇಟೆಯ ದಕ್ಷಿಣಕ್ಕಿದ್ದ ಕೋಟೆಯನ್ನು 1761ರಿಂದೀಚೆಗೆ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ. ಈಗ ಉಳಿದಿರುವುದು ಆ ಕಲ್ಲಿನ ಕೋಟೆಯ ಒಂದು ಮೂಲೆ ಮಾತ್ರ. ಟಿಪ್ಪು ಸುಲ್ತಾನನ ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸನ ಸೇನೆ 1791ರ ಮಾರ್ಚ್ 7ರಂದು ಪೇಟೆಯನ್ನೂ ಅದೇ ತಿಂಗಳ 21ರ ರಾತ್ರಿ ಕೋಟೆಯನ್ನೂ ಹಿಡಿಯಿತು. ಕೋಟೆಯನ್ನು ಕಾಯುತ್ತಿದ್ದ ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಬ್ರಿಟಿಷರು ಗೋಡೆಯೊಡೆದು ಒಳನುಗ್ಗಿದ ಜಾಗವನ್ನು ತಿಳಿಸುವ ಕಲ್ಲಿನ ಫಲಕವೂ ಅಲ್ಲಿದೆ. ಸತ್ತವನ ಹೆಸರಿನ ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ.

ಬಾಗಿಲಿನ ನೆರಳಿನಲ್ಲಿ ನಿಂತು ಮಾವ ಈ ಎರಡು ಕೋಟೆಗಳ ನಂಟನ್ನು ಬಿಡಿಸಿ ಹೇಳಿದರು. ಬೆಂಗಳೂರು ಕೈಗೆ ಬಂದ ಕೂಡಲೇ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದತ್ತ ನಡೆದ. ಮೇ 15ರಂದು ಅರಕೆರೆಯ ಬಳಿ ಟಿಪ್ಪುವಿನ ಸೇನೆಯನ್ನು ಹಿಮ್ಮೆಟ್ಟಿಸಿದ. ಆದರೆ ಅಷ್ಟು ಹೊತ್ತಿಗೆ ಅವನ ದಂಡಿನಲ್ಲಿ ದಿನಸಿ ಮುಗಿದಿತ್ತು, ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು, ಮಳೆಯೂ ಹಿಡಿದಿತ್ತು. ಕಡೆಗೆ ಕೋಟೆ ಒಡೆಯಲೆಂದು ಅಷ್ಟು ದೂರ ಎಳೆದು ತಂದಿದ್ದ ದೊಡ್ಡ ತೋಪುಗಳನ್ನು ತಾನೇ ಕನ್ನಂಬಾಡಿಯ ಬಳಿ ನಾಶಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಧಾನ್ಯ ಬರುವ ದಾರಿ ಭದ್ರವಾಗದೆ ಶ್ರೀರಂಗಪಟ್ಟಣ ದಕ್ಕುವುದಿಲ್ಲವೆಂಬ ಪಾಠವನ್ನು ಆ ಸೋಲು ಅವನಿಗೆ ಕಲಿಸಿತು. ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ದಂಡಿನ ಹಿಂದೆ ನಡೆಯುತ್ತಿದ್ದ ಲಂಬಾಣಿಗಳ ಸಾಲುಗಳು ನಿರಾತಂಕವಾಗಿ ಸಾಗಬೇಕಾದರೆ, ದಾರಿಯ ಎರಡೂ ಬದಿಯ ಬೆಟ್ಟದ ಕೋಟೆಗಳಲ್ಲಿ ಟಿಪ್ಪುವಿನ ಕಾವಲು ಇರಬಾರದಿತ್ತು. ಅಕ್ಟೋಬರ್ 19ರಂದು ನಂದಿದುರ್ಗ ಬಿದ್ದದ್ದು, ಡಿಸೆಂಬರಿನಲ್ಲಿ ಸಾವನದುರ್ಗದ ಸರದಿ ಬಂದದ್ದು ಈ ಕಾರಣಕ್ಕೆ. "ರಾಜ್ಯಕ್ಕಾಗಿ ನಡೆದ ಯುದ್ಧದಲ್ಲಿ ಆ ಬೆಟ್ಟ ಬಿದ್ದದ್ದು ಅಕ್ಕಿಮೂಟೆಗಾಗಿ," ಎಂದರು ಮಾವ.

ಎರಡನೆಯ ದಿನ, ಶನಿವಾರ

ಬೆಳಗಿನ ಐದೂವರೆಗೆ ಕಾರಿನಲ್ಲಿ ಹೊರಟು ಮಾಗಡಿ ರಸ್ತೆ ಹಿಡಿದೆವು. ತಾವರೆಕೆರೆ ದಾಟುವವರೆಗೂ ಊರು ಮುಗಿದಂತೆನ್ನಿಸುವುದಿಲ್ಲ. ಅಲ್ಲಿಂದ ಮುಂದೆ ರಸ್ತೆಯ ಎರಡೂ ಕಡೆ ರಾಗಿ ಕುಯ್ದ ಹೊಲಗಳು, ಬಣವೆಗಳು, ನಡುನಡುವೆ ಹೂಬಿಟ್ಟು ಕಾಯಿ ಹಿಡಿದ ಅವರೆಯ ಸಾಲುಗಳು. ಈ ಸೀಮೆಯ ಅವರೆಕಾಯಿಗೆ ಬೆಂಗಳೂರಿನಲ್ಲಿ ಬಲು ಬೇಡಿಕೆ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚುತ್ತದೆ ಎನ್ನುತ್ತಾರೆ. ಕಾರಿನ ಗಾಜು ಇಳಿಸಿದ ಕೂಡಲೇ ಆ ಸೊಗಡು ಒಳಗೆ ನುಗ್ಗಿತು. ಮುಂದೆ ಬಲಕ್ಕೂ ಎಡಕ್ಕೂ ತಿರುಗುತ್ತ ಸಾಗಿದ ದಾರಿಯಲ್ಲಿ ಒಂದು ತಿರುವು ಮುಗಿಯುತ್ತಿದ್ದಂತೆ ಬೆಟ್ಟ ಎದುರಿಗೆ ಬಂದು ನಿಂತಿತು. ಅದರ ಸೊಂಟದವರೆಗೆ ಮಂಜು ಕವಿದಿದ್ದರಿಂದ ಮೇಲಿನ ಬಂಡೆ ನೆಲಕ್ಕೆ ತಾಗದೆ ತೇಲುತ್ತಿರುವಂತೆ ಕಾಣುತ್ತಿತ್ತು.

ಸಾವನದುರ್ಗ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದಲ್ಲಿದೆ. ರಾಮನಗರದ ಸುತ್ತಮುತ್ತಲ ಬೆಟ್ಟಗಳೆಲ್ಲ ಸೇರಿರುವ ಗ್ರಾನೈಟ್ ಪಟ್ಟಿಯಲ್ಲೇ ಇದೂ ಬರುತ್ತದೆ. ರಾಮನಗರಕ್ಕಿದ್ದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಆ ಶಿಲೆಯನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಬೆಟ್ಟಕ್ಕೆ ಎರಡು ಕೋಡುಗಳಿದ್ದು, ಒಂದನ್ನು ಕರಿಗುಡ್ಡವೆಂದೂ ಇನ್ನೊಂದನ್ನು ಬಿಳಿಗುಡ್ಡವೆಂದೂ ಕರೆಯುತ್ತಾರೆ. ನಡುವೆ ಆಳವಾದ ಕೊರಕಲು. ಬುಡದಲ್ಲಿ ವೀರಭದ್ರಸ್ವಾಮಿಯ ಗುಡಿ, ನರಸಿಂಹಸ್ವಾಮಿಯ ಗುಡಿ, ಒಂದು ದರ್ಗಾ.

ಗುಡಿಯ ಬಳಿ ಸೌತೆಕಾಯಿ ಹೆಚ್ಚಿಟ್ಟುಕೊಂಡು ಕುಳಿತಿದ್ದ ಅಜ್ಜಿಯೊಬ್ಬರನ್ನು, "ಅಜ್ಜಿ, ಈ ಬೆಟ್ಟಕ್ಕೆ ಸಾವಿನ ದುರ್ಗ ಅಂತಲೂ ಅಂತಾರಲ್ಲ, ಹೌದೇ?" ಎಂದು ಕೇಳಿದೆ. ಅವರಿಗೆ ಆ ಮಾತು ಹಿಡಿಸಲಿಲ್ಲ. "ಸಾವೂ ಇಲ್ಲ ನೋವೂ ಇಲ್ಲ ಕಣಪ್ಪ. ನಮ್ಮಪ್ಪ ಸಾವಂದಿ ವೀರಭದ್ರ. ಅವನು ಕೂತಿರೋ ಬೆಟ್ಟ ಇದು," ಎಂದು ಕಡ್ಡಿ ಮುರಿದಂತೆ ಹೇಳಿದರು. ಅಜ್ಜಿಯ ಮಾತಿಗೆ ಶಾಸನದ ಬೆಂಬಲವೂ ಇದೆ. ಮಾಗಡಿ ತಾಲ್ಲೂಕಿನ ಮಾಡಬಾಳದಲ್ಲಿ ದೊರೆತಿರುವ, ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದ 1340ರ ಶಾಸನದಲ್ಲಿ ಈ ಬೆಟ್ಟದ ಹೆಸರು ಸಾವಂದಿ ಎಂದೇ ಇದೆ. ಅದನ್ನು ಸಾವಿನ ಕೋಟೆಯೆಂದು ಅರ್ಥಮಾಡಿಕೊಂಡು ಹಾಗೆಯೇ ಬರೆದಿಟ್ಟವರು ಸುಮಾರು ನಾಲ್ಕೂವರೆ ಶತಮಾನದ ನಂತರ ಅದನ್ನು ಮುತ್ತಿದ ಇಂಗ್ಲಿಷರು. ಹೊರಗಿನವರ ಕಿವಿಗೆ ಬಿದ್ದ ಅರ್ಥ ಇಂದಿಗೂ ನಮ್ಮವರ ಬಾಯಲ್ಲೇ ಓಡಾಡುತ್ತಿರುವುದು ನನಗೆ ಬೇಸರದ ಸಂಗತಿ.

ಏಳು ಗಂಟೆಗೆ ಕರಿಗುಡ್ಡವನ್ನು ಹತ್ತಲು ಶುರುಮಾಡಿದೆವು. ಇಲ್ಲಿ ಮೆಟ್ಟಿಲುಗಳಿಲ್ಲ. ಬಂಡೆಯ ಮೇಲೆ ಬಳಿದಿರುವ ಬಾಣದ ಗುರುತುಗಳನ್ನು ಹಿಡಿದು, ಕಡಿದಾದ ಇಳಿಜಾರಿನಲ್ಲಿ ಬಗ್ಗಿ ಕೈಯೂರಿಕೊಂಡು ಏರಬೇಕು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೊದಲ ಗೋಡೆ ಸಿಕ್ಕಿತು. ಎಲ್ಲರೂ ಅದನ್ನು ದಾಟಿ ಮೇಲೆ ಹೋಗುತ್ತಿದ್ದರೆ, ಮಾವ ಅಲ್ಲೇ ಚೀಲ ಇಳಿಸಿ ಕುಳಿತುಬಿಟ್ಟರು. ನಮ್ಮ ಬೆಳಗಿನ ಹೆಚ್ಚಿನ ಪಾಲು ಆ ಗೋಡೆಯ ಬುಡದಲ್ಲೇ ಕಳೆಯಿತು. ಅದಕ್ಕಾಗಿ ನನಗೆ ಯಾವ ಕೊರಗೂ ಇಲ್ಲ.

ಅವರು ಮೊದಲು ತೋರಿಸಿದ್ದು ಒಂದೇ ಒಂದು ಕಲ್ಲನ್ನು. ಸುಮಾರು ಎರಡು ಮೊಳ ಉದ್ದದ ಆ ದಿಮ್ಮಿಯ ಮೇಲಂಚಿನಲ್ಲಿ, ಹಲ್ಲುಗಳ ಸಾಲಿನಂತೆ, ಬೆರಳು ತೂರುವಷ್ಟು ಅಗಲದ ಏಳು ಅರ್ಧಗುಳಿಗಳಿದ್ದವು. "ಇವು ಬೆಣೆಯ ಗುಳಿಗಳು. ಸಾಲಾಗಿ ಗುಳಿ ತೋಡಿ, ಬೆಣೆ ಇಟ್ಟು, ಒಂದಾದ ಮೇಲೊಂದಕ್ಕೆ ಹದವಾಗಿ ಸುತ್ತಿಗೆ ಪೆಟ್ಟು ಕೊಡುತ್ತ ಹೋದರೆ ಕಲ್ಲು ನೇರವಾಗಿ ಸೀಳುತ್ತದೆ. ಉಳಿದ ಅರ್ಧ ಎಲ್ಲಿರಬೇಕು ಹೇಳು?" ಎಂದರು. ನಾನು ಸುಮ್ಮನಿದ್ದೆ. ಹತ್ತು ಹೆಜ್ಜೆ ಮೇಲಕ್ಕೆ ನಡೆದು ಹಾಸುಬಂಡೆಯ ಮೇಲೆ ಅಂಥದೇ ಅರ್ಧಗುಳಿಗಳ ಇನ್ನೊಂದು ಸಾಲನ್ನು ತೋರಿಸಿದರು. ಗೋಡೆಯ ಕಲ್ಲನ್ನು ಕೆಳಗಿನಿಂದ ಹೊತ್ತು ತಂದಿರಲಿಲ್ಲ; ಗೋಡೆ ನಿಲ್ಲಬೇಕಾಗಿದ್ದ ಜಾಗದ ಮೇಲುಗಡೆಯೇ ಬಂಡೆಯಿಂದ ಎಬ್ಬಿಸಿ ಕೆಳಕ್ಕೆ ಜಾರಿಸಿದ್ದರು. ಗುಳಿಯೊಂದಕ್ಕೆ ಕಿರುಬೆರಳು ತೂರಿಸಿ ನೋಡಿದೆ. ಒಳಗಿನ ಅಂಚು ಇನ್ನೂ ಚೂಪಾಗಿಯೇ ಇತ್ತು. ಉಳಿ ಹಿಡಿದಿದ್ದ ಆ ಕೈ ಯಾರದೋ, ಯಾವ ಬಖೈರಿನಲ್ಲೂ, ಅಂದರೆ ಹಳೆಯ ಚರಿತ್ರೆಯ ಬರಹದಲ್ಲೂ, ಅದರ ಹೆಸರಿಲ್ಲ.

ಗೋಡೆಯ ಕೆಳಭಾಗದ ದಪ್ಪ ದಿಮ್ಮಿಗಳ ನಡುವೆ ಗಾರೆಯ ಲೇಪವಿಲ್ಲ. ಸಂದಿಗಳಿಗೆ ಚಕ್ಕೆಕಲ್ಲು ತುರುಕಿ ತೂಕದಿಂದಲೇ ನಿಲ್ಲಿಸಿದ್ದಾರೆ. ಮೇಲ್ಭಾಗದಲ್ಲಿ ಅಲ್ಲಲ್ಲಿ ಇಟ್ಟಿಗೆಯೂ ಸುಣ್ಣದ ಗಾರೆಯೂ ಉಳಿದಿವೆ. ಬಿಲ್ಲು ಭರ್ಜಿಗಳ ಕಾಲದ ಗೋಡೆಗೆ ಮುಂದೆ ಕೋವಿಯ ಕಾಲದವರು ತಲೆ ಕಟ್ಟಿದ್ದಾರೆಂದು ಮಾವ ಅದನ್ನು ಓದಿದರು. ನನಗೂ ಅದು ಸರಿಯೆನ್ನಿಸಿತು, ಏಕೆಂದರೆ ಈ ದುರ್ಗ ಕೈಬದಲಾಯಿಸಿದ ಕ್ರಮವೂ ಹಾಗೆಯೇ ಇದೆ. ಯಲಹಂಕ ನಾಡಪ್ರಭುಗಳ ವಂಶ ವಿಜಯನಗರದ ಅರಸರಿಗೆ ನಡೆದುಕೊಂಡು ಬೆಂಗಳೂರನ್ನು ಆಳುತ್ತಿತ್ತು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರನ್ನು ಹಿಡಿದು ಅದು ಮರಾಠ ಸರದಾರ ಷಹಾಜಿಯ ಪಾಲಾದಾಗ, ಆಗಿನ ಕೆಂಪೇಗೌಡರು ಮಾಗಡಿಯನ್ನು ರಾಜಧಾನಿ ಮಾಡಿಕೊಂಡರು. ಅಂದಿನಿಂದ ಸಾವನದುರ್ಗ ಆ ಮನೆತನದ ಕಡೆಯ ಆಸರೆಯಾಯಿತು. ಭಂಡಾರವೂ ಇಲ್ಲೇ ಇತ್ತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯನ್ನೂ ಈ ದುರ್ಗವನ್ನೂ ಗೆದ್ದು, ಕಡೆಯ ಕೆಂಪೇಗೌಡರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಆ ಸೆರೆಯಲ್ಲೇ ಅವರು ತೀರಿಕೊಂಡರು. ಬೆಂಗಳೂರನ್ನು ಕಟ್ಟಿದ ವಂಶದ ಆಳ್ವಿಕೆ ಈ ಬಂಡೆಯ ಮೇಲೆ ಮುಗಿಯಿತು. ನಗರದ ಇಷ್ಟೊಂದು ವೃತ್ತಗಳಿಗೂ ರಸ್ತೆಗಳಿಗೂ ಆ ಹೆಸರಿಟ್ಟಿರುವ ನಾವು, ಮಕ್ಕಳನ್ನು ಒಂದು ಸಲವಾದರೂ ಇಲ್ಲಿಗೆ ಕರೆತಂದು ಇದನ್ನು ಹೇಳಬೇಕು.

ಇನ್ನೂ ಮೇಲೆ, ಮುರಿದ ಬಾಗಿಲೊಂದರ ಪಕ್ಕದಲ್ಲಿ, ಬಂಡೆಯ ತಗ್ಗಿನಲ್ಲಿ ದೊಣೆಯಿತ್ತು. ಹಿಂಗಾರು ಮಳೆಯ ನೀರು ಮೊಣಕಾಲುದ್ದ ನಿಂತಿತ್ತು. ತಳದ ಪಾಚಿಯ ಮೇಲೆ ಗೊದಮೊಟ್ಟೆಗಳು ಸರಿದಾಡುತ್ತಿದ್ದವು, ದಡದಲ್ಲಿ ಹಕ್ಕಿಯ ಹೆಜ್ಜೆಗಳಿದ್ದವು. ದೊಣೆ ಪ್ರಕೃತಿಯೇ ಮಾಡಿಟ್ಟದ್ದಾದರೂ, ಇಳಿಜಾರಿನ ಕಡೆಯ ಅಂಚಿಗೆ ಕಲ್ಲುಕಟ್ಟಿ ಎತ್ತರಿಸಿದ್ದು ಮನುಷ್ಯನೇ. ಮೇಲಿನ ಬಂಡೆಯಿಂದ ಹರಿದು ಬರುವ ನೀರು ಅತ್ತಿತ್ತ ಸೋರದೆ ಇಲ್ಲಿಗೇ ಬಂದು ಬೀಳಲೆಂದು ಕೊರೆದ, ಬೆರಳಗಲದ ಕಾಲುವೆಯೊಂದನ್ನೂ ಕಂಡೆವು. ಬೆಟ್ಟದ ಕೋಟೆಯಲ್ಲಿ ಗೋಡೆಗಿಂತ ದೊಡ್ಡ ರಕ್ಷಣೆ ನೀರು. ಎಷ್ಟು ಜನ ಎಷ್ಟು ತಿಂಗಳು ಮೇಲಿರಬಹುದೆಂಬುದನ್ನು ತೀರ್ಮಾನಿಸುತ್ತಿದ್ದುದು ಇಂಥ ದೊಣೆಗಳೇ. ಅದೇ ದೊಣೆಯ ದಡದಲ್ಲಿ ತಿಂಡಿಯ ಪೊಟ್ಟಣಗಳೂ ಪ್ಲಾಸ್ಟಿಕ್ ಬಾಟಲಿಗಳೂ ಬಿದ್ದಿದ್ದವು. ಆಯ್ದು ಚೀಲಕ್ಕೆ ತುಂಬಿಕೊಂಡೆವು. ಮಂಟಪವೊಂದರ ಬಳಿ ನಿಧಿಯ ಆಸೆಗೆ ಯಾರೋ ಅಗೆದ ಗುಂಡಿಯಿತ್ತು, ಕಂಬದ ಬುಡ ಸಡಿಲವಾಗಿತ್ತು. ಈ ದುರ್ಗದ ಸಂಪತ್ತನ್ನು ಗೆದ್ದವರು ಎಂದೋ ಒಯ್ದಾಗಿದೆ. ಈಗ ಅಗೆಯುವವರಿಗೆ ಸಿಗುವುದು ಮಣ್ಣು, ನಮಗೆ ತಪ್ಪಿಹೋಗುವುದು ಮಂಟಪ. ಇದನ್ನು ನೋಡಿ ನನಗೆ ತಡೆಯಲಾಗದ ಸಿಟ್ಟು ಬಂತು.

ತುದಿ ಮುಟ್ಟುವಾಗ ಹನ್ನೊಂದು ಗಂಟೆಯಾಗಿತ್ತು. ಕಂಬಗಳ ಪುಟ್ಟ ಮಂಟಪದಲ್ಲಿ ನಂದಿ ಕುಳಿತಿದೆ. ಮಂಜು ಕರಗಿ ಕೆಳಗೆ ಮಂಚನಬೆಲೆಯ ಜಲಾಶಯ, ಅರ್ಕಾವತಿಯ ಕಣಿವೆ, ಸುತ್ತ ಕಾಡು, ಎದುರಿಗೆ ಬಿಳಿಗುಡ್ಡ ಎಲ್ಲವೂ ನಿಚ್ಚಳವಾದವು. ಮುತ್ತಿಗೆಯ ಕಥೆಯನ್ನು ಅಲ್ಲಿ ಕುಳಿತೇ ಹೇಳಿಕೊಂಡೆವು. 1791ರ ಡಿಸೆಂಬರ್ 10ರಂದು ಕರ್ನಲ್ ಸ್ಟುವರ್ಟನ ದಳ ಬೆಟ್ಟದ ಬುಡಕ್ಕೆ ಬಂದು ಬಿಡಾರ ಹೂಡಿತು. ಆಗ ಬೆಟ್ಟದ ಸುತ್ತ ದಟ್ಟವಾದ ಬಿದಿರುಮೆಳೆಯ ಕಾಡಿತ್ತು. ಆ ಕಾಡಿನ ಜ್ವರವೇ ಅರ್ಧ ದಂಡನ್ನು ಕೊಲ್ಲುತ್ತದೆ, ಉಳಿದರ್ಧವನ್ನು ಬಂಡೆ ನೋಡಿಕೊಳ್ಳುತ್ತದೆ ಎಂದು ಟಿಪ್ಪು ನಂಬಿದ್ದನೆಂದು ಬ್ರಿಟಿಷರು ಬರೆದಿದ್ದಾರೆ. ಅವರು ಬಿದಿರು ಕಡಿದು ದಾರಿ ಮಾಡಿ, ಬಂಡೆಗಳ ಮೇಲಿಂದ ತೋಪುಗಳನ್ನು ಎಳೆದು ತಂದು, 17ರಂದು ಗುಂಡು ಹಾರಿಸತೊಡಗಿದರು. ನಾಲ್ಕು ದಿನಗಳಲ್ಲಿ ಗೋಡೆಯಲ್ಲಿ ಹತ್ತಿ ಹೋಗುವಷ್ಟು ಬಿರುಕು ಬಿಟ್ಟಿತು. 21ರ ಹಗಲಿನಲ್ಲಿ, ವಾದ್ಯಗಳು ಮೊಳಗುತ್ತಿದ್ದಂತೆ, ನುಗ್ಗಿದರು. ಸುಮಾರು ಒಂದು ಗಂಟೆಯೊಳಗೆ ಎರಡೂ ಕೋಡುಗಳು ಅವರ ವಶವಾದವು. ಒಳಗಿದ್ದ ಸುಮಾರು 1500 ಜನ ಕಾವಲಿನವರಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಓಡುವಾಗ ಬಂಡೆಯಿಂದ ಜಾರಿ ಬಿದ್ದು ಸತ್ತವರೂ ಅನೇಕರು. ಏರಿಬಂದವರ ಕಡೆ ಒಬ್ಬ ಸಿಪಾಯಿಗೆ ಗಾಯವಾಯಿತು, ಅಷ್ಟೇ.

ಯಾರೂ ಗೆಲ್ಲಲಾರರೆಂದು ಹೆಸರಾಗಿದ್ದ ಕೋಟೆ ಒಂದು ಗಂಟೆಯಲ್ಲಿ ಹೇಗೆ ಬಿತ್ತೆಂಬ ಪ್ರಶ್ನೆಗೆ ಉತ್ತರ ಆ ಮೊದಲ ಗೋಡೆಯ ಬುಡದಲ್ಲೇ ಇತ್ತೆಂದು ನನಗನ್ನಿಸುತ್ತದೆ. ಕೋಟೆ ಕಟ್ಟಿದವರ ಲೆಕ್ಕದಲ್ಲಿ ದೊಡ್ಡ ತೋಪುಗಳು ಆ ಕಾಡನ್ನು ದಾಟಿ, ಆ ಬಂಡೆಗಳನ್ನು ಹತ್ತಿ, ಅಷ್ಟು ಹತ್ತಿರ ಬರುವಂತಿರಲಿಲ್ಲ. ಗಾರೆಯಿಲ್ಲದೆ ತೂಕದ ಮೇಲೆ ನಿಂತ ಗೋಡೆ ಏಣಿ ಹತ್ತಿ ಬರುವವರನ್ನು ತಡೆಯಬಲ್ಲದು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೀಳುವ ಕಬ್ಬಿಣದ ಗುಂಡನ್ನು ತಡೆಯಲಾರದು. ಜೊತೆಗೆ ಬಂಡೆಯನ್ನೇ ನಂಬಿದ ಕಾವಲಿನವರು ತಮ್ಮ ತೋಳನ್ನು ನಂಬುವುದನ್ನು ಮರೆತಿರಬೇಕು. ಇನ್ನೊಂದು ಮಾತನ್ನೂ ಹೇಳಬೇಕು. ಈ ದುರ್ಗದ ಬಗ್ಗೆ ದಿನಾಂಕಸಮೇತ ನಮಗೆ ತಿಳಿದಿರುವುದೆಲ್ಲ ಬಹುಮಟ್ಟಿಗೆ ಈ ಹನ್ನೆರಡು ದಿನಗಳ ಸಂಗತಿ, ಅದೂ ಮುರಿದವರ ದಿನಚರಿಗಳಿಂದ ಬಂದದ್ದು. ಕಟ್ಟಿದವರು, ಕಾದವರು, ದೊಣೆಯ ನೀರನ್ನು ಅಳೆದು ಕುಡಿದವರು ಇಲ್ಲಿ ನೂರಾರು ವರ್ಷ ಬದುಕಿದರು. ಅವರು ಬಿಟ್ಟುಹೋದ ಬರಹವೆಂದರೆ ಆ ಬೆಣೆಯ ಗುಳಿಗಳು, ಆ ಬೆರಳಗಲದ ಕಾಲುವೆ.

ಇಳಿಯುವಾಗ ಬಿಸಿಲಿಗೆ ಬಂಡೆ ಕಾದಿತ್ತು. ಮಾವನ ಮೊಣಕಾಲು ನೋಯತೊಡಗಿದ್ದರಿಂದ ಕೂತು ಕೂತು ಇಳಿದೆವು. ರಾತ್ರಿ ಮಾಗಡಿಯಲ್ಲಿ ಪರಿಚಿತರ ಮನೆಯಲ್ಲಿ ಉಳಿದೆವು. ಮುದ್ದೆ, ಅವರೆಕಾಳಿನ ಸಾರು. ಊಟವಾದ ಮೇಲೆ ಮನೆಯವರೆಲ್ಲ ಮೊರ ತುಂಬ ಅವರೆಕಾಯಿ ಸುಲಿಯುತ್ತ ಕುಳಿತಾಗ ನಾವೂ ಕೈಜೋಡಿಸಿದೆವು. ಬೆರಳಿಗೆ ಹತ್ತಿದ ಸೊಗಡು ಬೆಳಿಗ್ಗೆಯವರೆಗೂ ಹೋಗಲಿಲ್ಲ.

ಮೂರನೆಯ ದಿನ, ಭಾನುವಾರ

ಮಾಗಡಿಯ ಕೋಟೆಯನ್ನೂ ಸೋಮೇಶ್ವರನ ಗುಡಿಯನ್ನೂ ಬೇಗ ನೋಡಿ ಮುಗಿಸಿ, ಕುಣಿಗಲ್ಲಿನ ಕಡೆಗೆ ಹೊರಟೆವು. ಹುತ್ರಿದುರ್ಗ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೆ ಸೇರಿದ್ದು. ಸಾವನದುರ್ಗವಾದ ಮೂರನೆಯ ದಿನ, ಡಿಸೆಂಬರ್ 24ರಂದು, ಇದೂ ಬಿತ್ತು. ಇಲ್ಲಿ ತೋಪುಗಳನ್ನು ನೆಟ್ಟು ದಿನಗಟ್ಟಲೆ ಗುಂಡು ಹೊಡೆಯುವ ಅಗತ್ಯವೇ ಬೀಳಲಿಲ್ಲ. ಏಣಿ ಹಾಕಿ ಹತ್ತಿದರು. ಸಾವನದುರ್ಗ ಬಿದ್ದ ಸುದ್ದಿ ಏಣಿಗಿಂತ ಮೊದಲೇ ಮೇಲೇರಿತ್ತೆಂದು ಕಾಣುತ್ತದೆ. ಮುಂದಿನ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಎದುರಿಗಿದ್ದ. ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು.

ಸಾವನದುರ್ಗದಲ್ಲಿ ಬಂಡೆಯೇ ಕೋಟೆ. ಹುತ್ರಿದುರ್ಗದಲ್ಲಿ ಬಾಗಿಲುಗಳೇ ಕೋಟೆ. ಒಂದು ಸುತ್ತು ದಾಟಿದರೆ ಮತ್ತೊಂದು ಸುತ್ತು. ಏಳು ಸುತ್ತಿನ ಕೋಟೆಯೆಂಬುದು ಊರವರ ಮಾತು. ಒಂದು ಬಾಗಿಲು ದಾಟಿದವನಿಗೆ ಮುಂದಿನದು ನೇರವಾಗಿ ಕಾಣದಂತೆ ದಾರಿಯನ್ನು ಮುರಿದು ತಿರುಗಿಸಿದ್ದಾರೆ. ಎದುರಿಗೆ ಗೋಡೆ, ತಲೆಯ ಮೇಲೆ ಕೊತ್ತಲ. ಮಾವ ಒಂದು ಬಾಗಿಲಿನ ಹೊಸ್ತಿಲಿನ ಬಳಿ ಬಗ್ಗಿ, ಕದದ ಕೀಲು ತಿರುಗುತ್ತಿದ್ದ ಬಟ್ಟಲಿನಂಥ ಕುಳಿಯನ್ನು ಬೆರಳಿನಿಂದ ಒರೆಸಿದರು. ಅದರ ಒಳಮೈ ನುಣ್ಣಗೆ, ಹಳೆಯ ಒರಳಿನ ಹಾಗೆ, ಹೊಳೆಯುತ್ತಿತ್ತು. ದಿನಕ್ಕೆರಡು ಸಲ, ಬೆಳಿಗ್ಗೆ ತೆರೆಯುವಾಗ, ಸಂಜೆ ಮುಚ್ಚುವಾಗ, ಆ ಕದ ಇಲ್ಲಿ ತಿರುಗಿದೆ. ಎಷ್ಟು ಸಾವಿರ ಸಲ ತಿರುಗಿದರೆ ಕಲ್ಲು ಹೀಗೆ ಸವೆದೀತೆಂದು ಇಬ್ಬರೂ ಸ್ವಲ್ಪ ಹೊತ್ತು ಲೆಕ್ಕ ಹಾಕಿದೆವು.

ತುದಿಯ ಶಂಕರೇಶ್ವರನ ಗುಡಿಯನ್ನು ತಲುಪಿದಾಗ ಭಾನುವಾರದ ಪೂಜೆ ಮುಗಿದಿತ್ತು. ಹತ್ತಿರದ ಹಳ್ಳಿಯವರಿರಬೇಕು, ಗಂಡ ಹೆಂಡತಿ ಇಬ್ಬರು ಕೊಡದಲ್ಲಿ ನೀರು ತಂದು ನಂದಿಯ ಮೈ ತೊಳೆಯುತ್ತಿದ್ದರು. "ನೀರು ಕೆಳಗಿಂದ ಹೊತ್ತು ತಂದಿರಾ, ತಾಯಿ?" ಎಂದು ಮಾವ ಕೇಳಿದರು. "ಇಲ್ಲ ಸ್ವಾಮಿ, ಇಲ್ಲೇ ದೊಣೆಯಿಂದ. ಬೇಸಿಗೇಲೂ ಒಂದಿಷ್ಟು ಇರ್ತದೆ," ಎಂದರು ಆಕೆ. ಮಾವ ಅವರ ಜೊತೆ ನಡೆದು ಹೋಗಿ ದೊಣೆಯನ್ನು ನೋಡಿ ಬಂದರು. ಅಷ್ಟರಲ್ಲಿ ನಾನು ಗುಡಿಯ ಹಿಂದಿನ ಬಂಡೆಯ ಮೇಲೆ ನಿಂತು ಮೂಡಲಿನ ಕಡೆ ನೋಡುತ್ತಿದ್ದೆ. ಬಿಸಿಲ ಮಬ್ಬಿನಲ್ಲಿ ಸಾವನದುರ್ಗದ ಬೆನ್ನು ಕಾಣಿಸುತ್ತಿತ್ತು. ನಾಗರಭಾವಿಯ ತಾರಸಿಯಿಂದ ಕಾಣುವ ಮಗ್ಗುಲು ಅದರ ಆಚೆಗಿತ್ತು.